ಬೋರ್ಡಿಲ್ಲದ ಗಾಡಿ ಕೈ ಮಾಡಿದಾಗ: ಕಲಬುರಗಿ, ಬೀದರ್, ಯಾದಗಿರಿ ಚಾಲಕರು ಪದೇ ಪದೇ ಕೇಳುವ ಪ್ರಶ್ನೆಗಳು

ಕೋರ್ಟ್ ಮುಂದಿನ ಚಹಾದಂಗಡಿ, ಟಂಟಂ ಸ್ಟ್ಯಾಂಡ್, ನೆಹರು ಗಂಜ್‌ನ ಲಾರಿ ಸಾಲು, ಆಗೊಮ್ಮೆ ಈಗೊಮ್ಮೆ ಬರುವ ಪತ್ರ: ಎಲ್ಲ ಕಡೆ ಸುತ್ತಿ ಸುತ್ತಿ ಬರುವ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು. ಎಲ್ಲ ಓದಲೇಬೇಕು ಅಂತೇನಿಲ್ಲ.

## ಮೊದಲು ತಿಳಿದಿರಬೇಕಾದದ್ದು

ಮ್ಯಾಲ ‘ಪೊಲೀಸ್’ ಅಂತ ಬರೆದಿಲ್ಲದ ಗಾಡಿ ಕೈ ಮಾಡಿದ್ರ ನಿಂದ್ರಬೇಕೇನ್ರಿ?

ಖಾಕಿ ಕಂಡರೆ ನಿಲ್ಲಬೇಕು. ಗಾಡಿಯ ಮೇಲೆ ಏನು ಬರೆದಿದೆ ಅನ್ನುವುದನ್ನು ಕಾನೂನು ನೋಡುವುದಿಲ್ಲ, ಕೈ ಮಾಡಿದವರ ಮೈಮೇಲೆ ಸಮವಸ್ತ್ರ ಇದೆಯೇ ಅನ್ನುವುದನ್ನು ನೋಡುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 130ರಲ್ಲಿ ಇರುವ ಮಾತೇ ‘ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ’. ಬಂದದ್ದು ಬಿಳಿ ಬೊಲೆರೊ ಇರಲಿ, ಬಾಡಿಗೆ ಇನ್ನೋವಾ ಇರಲಿ, ಇಳಿದವರು ಖಾಕಿಯಲ್ಲಿದ್ದರೆ ಮಾತು ಮುಗಿಯಿತು. ಕಾನೂನುಬದ್ಧ ಸೂಚನೆ ಮೀರಿದರೆ ಸೆಕ್ಷನ್ 179ರಲ್ಲಿ ದಂಡವಿದೆ; 500 ರೂಪಾಯಿ ಇದ್ದದ್ದು 2019ರ ತಿದ್ದುಪಡಿಯಲ್ಲಿ 2,000 ಆಯಿತು.

ಖಾಕಿ ಕಾಣದಿದ್ದರೂ ಓಡಿಹೋಗಬೇಡಿ. ಆದರೆ ಕೈ ಮಾಡಿದ ಜಾಗದಲ್ಲೇ ಗಕ್ಕನೆ ನಿಲ್ಲಿಸಬೇಕಾಗಿಯೂ ಇಲ್ಲ. ಆ ಎರಡರ ನಡುವಿನ ದಾರಿಯೇ ಈ ಪ್ರಶ್ನೋತ್ತರದ ಮುಖ್ಯ ವಿಷಯ.

ಪೊಲೀಸರು ಇಂಥ ಗುರುತಿಲ್ಲದ ಕಾರಿನಲ್ಲಿ ಯಾಕೆ ಓಡಾಡುತ್ತಾರೆ? ಅದಕ್ಕೆ ಅನುಮತಿ ಇದೆಯೇ?

ಇದೆ. ಕಳ್ಳರ ಬೆನ್ನು ಹತ್ತುವ ಅಪರಾಧ ತಂಡ ಸೈರನ್ ಹಾಕಿಕೊಂಡು ಹೋದರೆ ಯಾರೂ ಸಿಗುವುದಿಲ್ಲ. ನಮ್ಮ ಮೂರು ಜಿಲ್ಲೆಗಳ ಸ್ಥಿತಿಯೂ ಹಾಗಿದೆ: ಬೀದರ್‌ಗೆ ಒಂದು ಕಡೆ ತೆಲಂಗಾಣ, ಇನ್ನೊಂದು ಕಡೆ ಮಹಾರಾಷ್ಟ್ರ, ಹುಮನಾಬಾದಿನಿಂದ ರಾಷ್ಟ್ರೀಯ ಹೆದ್ದಾರಿ 65 ಹಿಡಿದರೆ ಈಚೆ ಸೊಲ್ಲಾಪುರ, ಆಚೆ ಜಹೀರಾಬಾದ್. ಗಾಂಜಾ, ಮರಳು, ಕದ್ದ ಬೈಕು ಎಲ್ಲದಕ್ಕೂ ಗಡಿ ಹತ್ತಿರ. 2025ರ ಜನವರಿ 16ರಂದು ಬೀದರಿನಲ್ಲಿ ಹಾಡಹಗಲೇ ಗುಂಡು ಹಾರಿಸಿ ಎಟಿಎಂ ಹಣ ದೋಚಿದವರು ಬೈಕಿನಲ್ಲೇ ಪರಾರಿಯಾದದ್ದು ಎಲ್ಲರಿಗೂ ನೆನಪಿದೆ. ಅಂಥ ಹೊತ್ತಿನಲ್ಲಿ ಮಫ್ತಿ ತಂಡಗಳು ರಸ್ತೆಗೆ ಇಳಿಯುವುದು ಸಹಜ.

ಮಫ್ತಿ ತಂಡದ ಕೆಲಸ ಅಪರಾಧಿಯನ್ನು ಹಿಡಿಯುವುದು. ಹೆಲ್ಮೆಟ್ ಇಲ್ಲ, ಸೀಟ್ ಬೆಲ್ಟ್ ಇಲ್ಲ ಅಂತ ದಂಡ ಹಾಕುವುದು ಅವರ ಕೆಲಸವಲ್ಲ. ಗುರುತಿಲ್ಲದ ಕಾರಿನಿಂದ ಇಳಿದ ಮಫ್ತಿಯವರು ಮೊದಲ ಮಾತಿಗೇ ‘ದಂಡ’ ಅಂದರೆ ಅಲ್ಲೇ ಅನುಮಾನ ಪಡಬೇಕು.

ಖರೇ ಪೊಲೀಸ್ರೇ ಅಂತ ಹೆಂಗ ಗುರ್ತು ಹಿಡೀಬೇಕು? ಕೆಂಪು-ನೀಲಿ ಲೈಟ್ ಇದ್ರ ಸಾಕಲ್ಲ?

ಸಾಲದು. ಕೆಂಪು ದೀಪದ ಗೌರವ 2017ರ ಮೇ 1ಕ್ಕೇ ಮುಗಿಯಿತು. ಈಗ ತುರ್ತು ಕೆಲಸದ ವಾಹನಗಳಿಗಷ್ಟೇ ಬಣ್ಣದ ದೀಪ. ಆದರೆ ಮಿಣುಕುವ ದೀಪ ಯಾವ ಆಕ್ಸೆಸರೀಸ್ ಅಂಗಡಿಯಲ್ಲೂ ಸಿಗುತ್ತದೆ. ‘ಪೊಲೀಸ್’ ಸ್ಟಿಕರಂತೂ ಇನ್ನೂ ಅಗ್ಗ.

ನಂಬರ್ ಪ್ಲೇಟ್ ಸ್ವಲ್ಪ ಉಪಯೋಗಕ್ಕೆ ಬರುತ್ತದೆ. ಸರ್ಕಾರಿ ವಾಹನಕ್ಕೆ ‘ಜಿ’ ಸರಣಿಯ ನಂಬರ್ ಇರುತ್ತದೆ: ಕಲಬುರಗಿಯದಾದರೆ ಕೆಎ-32 ಜಿ, ಯಾದಗಿರಿಯದು ಕೆಎ-33 ಜಿ, ಬೀದರಿನದು ಕೆಎ-38 ಜಿ. ಮಫ್ತಿ ತಂಡ ಸಾದಾ ನಂಬರಿನ ಗಾಡಿಯಲ್ಲೂ ಬರಬಹುದು, ಹಾಗಾಗಿ ‘ಜಿ’ ಇಲ್ಲದ ಮಾತ್ರಕ್ಕೆ ನಕಲಿ ಅನ್ನುವಂತಿಲ್ಲ.

ನಿಜವಾಗಿ ನೋಡಬೇಕಾದದ್ದು ಮನುಷ್ಯರನ್ನು. ಎದೆಯ ಮೇಲೆ ಹೆಸರಿನ ಪಟ್ಟಿ ಇದೆಯೇ? ಹೆಗಲ ಮೇಲಿನ ಗುರುತು ಬಾಯಲ್ಲಿ ಹೇಳಿದ ಹುದ್ದೆಗೆ ಹೊಂದುತ್ತದೆಯೇ? ಕೆಂಪು-ನೀಲಿ ಪಟ್ಟಿಯೊಂದಿಗೆ ಒಂದು ನಕ್ಷತ್ರ ಇದ್ದರೆ ಎಎಸ್‌ಐ, ಎರಡಿದ್ದರೆ ಪಿಎಸ್‌ಐ, ಮೂರಿದ್ದರೆ ಇನ್‌ಸ್ಪೆಕ್ಟರ್. ಪಟ್ಟಿ ಇಲ್ಲದೆ ಬರೀ ಮೂರು ನಕ್ಷತ್ರ ಇದ್ದರೆ ಡಿವೈಎಸ್‌ಪಿ. ‘ನಾನು ಪಿಎಸ್‌ಐ’ ಅನ್ನುವವರ ಹೆಗಲ ಮೇಲೆ ಮೂರು ನಕ್ಷತ್ರ ಕಂಡರೆ ಲೆಕ್ಕ ತಪ್ಪಿದೆ. ಟೋಪಿ ನೋಡಿ ಮಾತ್ರ ತೀರ್ಮಾನಿಸಬೇಡಿ: ಕಾನ್ಸ್‌ಟೇಬಲ್‌ಗಳ ಹಳೆಯ ಸ್ಲೋಚ್ ಹ್ಯಾಟ್ ಬದಲು ನೀಲಿ ಪೀಕ್ ಕ್ಯಾಪ್ ಬಂದದ್ದು 2025ರ ಅಕ್ಟೋಬರ್‌ನಲ್ಲಿ.

ಮಫ್ತಿಯಲ್ಲಿದ್ದರೆ ಗುರುತಿನ ಚೀಟಿ ಕೇಳಿ. ಅರೆಕ್ಷಣ ಮುಖದ ಮುಂದೆ ಆಡಿಸಿ ಜೇಬಿಗೆ ಇಟ್ಟುಕೊಂಡರೆ ಅದು ತೋರಿಸಿದಂತಲ್ಲ. ಫೋಟೊ, ಹೆಸರು, ಹುದ್ದೆ ಓದುವಷ್ಟು ಹೊತ್ತು ಬೇಕು. ‘ಯಾವ ಠಾಣೆ ಸಾಹೇಬ್ರ, ಇನ್‌ಸ್ಪೆಕ್ಟರ್ ಯಾರಿದ್ದಾರ್ರಿ ಅಲ್ಲಿ?’ ಅಂತ ಮಾತಿನ ನಡುವೆ ಕೇಳಿ ನೋಡಿ. ಅಸಲಿ ಪೊಲೀಸರು ತಡವರಿಸುವುದಿಲ್ಲ, ನಕಲಿಯವರು ಸಿಟ್ಟಾಗುತ್ತಾರೆ.

## ರಸ್ತೆಯ ಮೇಲೆ

ರಾತ್ರಿ ಹನ್ನೊಂದರ ಮ್ಯಾಲ ಹುಮನಾಬಾದಿನಿಂದ ಬರ್ಲಕತ್ತಿದ್ದೆ. ಕಿಣ್ಣಿ ಸಡಕ್ ಹತ್ರ ಒಂದು ಸಾದಾ ಕಾರು ಲೈಟ್ ಹೊಡೆದು ಸೈಡಿಗೆ ಹಾಕು ಅಂತು. ಇಂಥಾಗ ಏನ್ ಮಾಡ್ಬೇಕು?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಉತ್ತರವೂ ಉದ್ದ.

ಮೊದಲು ವೇಗ ಇಳಿಸಿ. ನಾಲ್ಕೂ ಇಂಡಿಕೇಟರ್ ಹಾಕಿ, ಮೂವತ್ತು-ನಲವತ್ತರಲ್ಲಿ ಎಡಗಡೆ ಹಿಡಿದು ಸಾಗಿ. ಕಿಟಕಿಯಿಂದ ಕೈ ಹೊರಹಾಕಿ ‘ಮುಂದ ನಿಂದ್ರತೀನಿ’ ಅಂತ ಸನ್ನೆ ಮಾಡಿ. ಹಿಂದಿರುವವರು ನಿಜವಾದ ಪೊಲೀಸರಾದರೆ, ಓಡುವವರು ಹೀಗೆ ಇಂಡಿಕೇಟರ್ ಹಾಕಿಕೊಂಡು ನಿಧಾನ ಹೋಗುವುದಿಲ್ಲ ಅಂತ ಅವರಿಗೇ ಅರ್ಥವಾಗುತ್ತದೆ. ಪಕ್ಕದಲ್ಲಿ ಯಾರಾದರೂ ಇದ್ದರೆ ಅವರ ಕೈಯಲ್ಲಿ 112ಕ್ಕೆ ಫೋನ್ ಮಾಡಿಸಿ.

ಆಮೇಲೆ ಬೆಳಕು ಮತ್ತು ಜನ ಇರುವ ಮೊದಲ ಜಾಗದಲ್ಲಿ ನಿಲ್ಲಿಸಿ. ಪೆಟ್ರೋಲ್ ಬಂಕ್, ಟೋಲ್, ತೆರೆದಿರುವ ಧಾಬಾ ಯಾವುದಾದರೂ ಸರಿ. ಆ ದಾರಿಯಲ್ಲಾದರೆ ಕಮಲಾಪುರ ಊರು ಬರುತ್ತದೆ, ಅದು ದಾಟಿದರೆ ಮಹಾಗಾಂವ ಕ್ರಾಸ್. ಹತ್ತಿರದ ಬಂಕ್ ಬಿಟ್ಟು ‘ಕಲಬುರಗಿಗೇ ಹೋಗಿ ನಿಲ್ಲಿಸ್ತೀನಿ’ ಅಂದರೆ ಅದು ಸರಿಯಲ್ಲ, ಓಡಿದಂತೆಯೇ ಆಗುತ್ತದೆ.

ನಿಲ್ಲಿಸಿದ ಮೇಲೆ ಬಾಗಿಲು ಲಾಕ್ ಇರಲಿ, ಗಾಜು ನಾಲ್ಕು ಬೆರಳಷ್ಟು ಇಳಿಸಿ, ಒಳಗಿನ ಲೈಟ್ ಹಾಕಿ, ಎರಡೂ ಕೈ ಸ್ಟೀರಿಂಗ್ ಮೇಲೆ ಕಾಣುವ ಹಾಗೆ ಇಡಿ. ಇದು ನಿಮಗಷ್ಟೇ ಅಲ್ಲ, ಕತ್ತಲಲ್ಲಿ ಅಪರಿಚಿತ ಗಾಡಿಗೆ ಎದುರಾಗುವ ಪೊಲೀಸರಿಗೂ ಧೈರ್ಯ. ಮಾತು ಮೆತ್ತಗಿರಲಿ: ‘ಸಾಹೇಬ್ರ, ಕತ್ತಲದಾಗ ಅಂಜಿಕಿ ಆತ್ರಿ, ಅದಕ ಇಲ್ಲಿ ನಿಂತೆ. ಐಡಿ ಕಾರ್ಡ್ ತೋರಸ್ರಿ.’

ಹೀಗೆ ಮುಂದೆ ಹೋಗಿ ನಿಲ್ಲಬಹುದು ಅಂತ ಬರೆದ ಪ್ರತ್ಯೇಕ ನಿಯಮವಿಲ್ಲ. ಆದರೆ ಚಾಲಕನ ಭಯಕ್ಕೆ ಕಾಯ್ದೆ ಕಣ್ಣು ಮುಚ್ಚಿಲ್ಲ. ಅಪಘಾತವಾದಾಗ ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು ಚಾಲಕನ ಕರ್ತವ್ಯ ಅನ್ನುವ ಸೆಕ್ಷನ್ 134ರಲ್ಲೇ ‘ಗುಂಪಿನ ಆಕ್ರೋಶದ ಕಾರಣ ಸಾಧ್ಯವಾಗದಿದ್ದರೆ’ ಅನ್ನುವ ವಿನಾಯಿತಿ ಇದೆ. ಜೀವಭಯವನ್ನು ಅಷ್ಟು ದೊಡ್ಡ ಕರ್ತವ್ಯದ ಎದುರೂ ಕಾನೂನು ಲೆಕ್ಕಕ್ಕೆ ಹಿಡಿದಿದೆ. ಒಂದೆರಡು ಕಿಲೋಮೀಟರ್ ಮುಂದೆ ನಿಂತವರ ಮಾತನ್ನು ಕೋರ್ಟ್ ಕೇಳದೆ ಇರದು ಅನ್ನುವುದು ನನ್ನ ಅಭಿಪ್ರಾಯ. ಆ ಹೊತ್ತಿನ 112 ಕರೆಯೇ ನಿಮ್ಮ ಸಾಕ್ಷಿ.

ಬ್ಯಾರಿಕೇಡ್ ಹಾಕಿ ಖಾಕಿಯವರು ನಿಂತಿರುವ ನಾಕಾಬಂದಿಗೆ ಇದ್ಯಾವುದೂ ಅನ್ವಯಿಸುವುದಿಲ್ಲ. ಅಲ್ಲಿ ನಿಲ್ಲಲೇಬೇಕು.

112ಕ್ಕೆ ಹಚ್ಚಿದ್ರ ‘ಹೌದು, ಅದು ನಮ್ಮ ಗಾಡಿನೇ’ ಅಂತ ಹೇಳ್ತಾರೇನು?

ಪ್ರತಿ ಸಲ ಆಗಲೇ ಹೇಳಲಾಗುವುದಿಲ್ಲ. ಮಫ್ತಿ ತಂಡ ಎಲ್ಲಿದೆ ಅನ್ನುವುದು ಕಂಟ್ರೋಲ್ ರೂಮಿಗೆ ತಕ್ಷಣ ಗೊತ್ತಿರದೆ ಇರಬಹುದು. ಆದರೂ ಹಚ್ಚಿ. ಹೇಳಬೇಕಾದದ್ದು ಇಷ್ಟು: ಎಲ್ಲಿದ್ದೀರಿ, ಹಿಂದಿರುವ ಗಾಡಿಯ ನಂಬರ್ ಮತ್ತು ಬಣ್ಣ, ನಿಮ್ಮ ಗಾಡಿ ನಂಬರ್, ಎಲ್ಲಿ ನಿಲ್ಲಿಸಲು ಹೋಗುತ್ತಿದ್ದೀರಿ. ‘ನಾನು ಓಡಿಹೋಗ್ತಿಲ್ಲ’ ಅನ್ನುವ ಮಾತು ಬಿಡಬೇಡಿ. ಫೋನ್ ಸ್ಪೀಕರಿನಲ್ಲಿಟ್ಟು ಕಾರಿನಲ್ಲಿ ಬಂದವರಿಗೂ ಕೇಳಿಸಿದರೆ ನಕಲಿಯವರು ಅಲ್ಲಿಂದಲೇ ಜಾಗ ಖಾಲಿ ಮಾಡುತ್ತಾರೆ.

ಸಮವಸ್ತ್ರದಲ್ಲಿಲ್ಲದವರು ಲೈಸೆನ್ಸ್, ಆರ್‌ಸಿ ಕೇಳಿದರೆ ಕೊಡಬೇಕೆ?

ಸೆಕ್ಷನ್ 130ರ ಪ್ರಕಾರ ಪೊಲೀಸರು ಲೈಸೆನ್ಸ್ ಕೇಳಬೇಕಾದರೆ ಸಮವಸ್ತ್ರದಲ್ಲಿರಬೇಕು. ಉಸಿರಾಟದ ಮದ್ಯ ಪರೀಕ್ಷೆಗೂ, ಸೆಕ್ಷನ್ 203ರಲ್ಲಿ, ಪೊಲೀಸರಾದರೆ ಸಮವಸ್ತ್ರ ಬೇಕು. ಗುರುತಿನ ಚೀಟಿ ತೋರಿಸಿದ ಮಫ್ತಿ ಅಧಿಕಾರಿ ಅಪರಾಧ ತನಿಖೆಗಾಗಿ ಹೆಸರು, ವಿಳಾಸ ಕೇಳಿದರೆ ಹೇಳುವುದು ಒಳ್ಳೆಯದು. ಅಲ್ಲಿ ಕಾಯ್ದೆ ಪುಸ್ತಕ ತೆರೆದು ಜಗಳಕ್ಕೆ ನಿಲ್ಲುವುದರಲ್ಲಿ ಲಾಭವಿಲ್ಲ.

ಕೊಡುವುದಾದರೂ ಮೂಲ ಕಾಗದ ಕೈಗೆ ಕೊಡುವ ಅಗತ್ಯ ಈಗಿಲ್ಲ. ಕೇಂದ್ರ ಮೋಟಾರು ವಾಹನ ನಿಯಮ 139ರ ಪ್ರಕಾರ ಡಿಜಿಲಾಕರ್, ಎಂಪರಿವಾಹನ್‌ನಲ್ಲಿರುವ ದಾಖಲೆಗೂ ಅದೇ ಬೆಲೆ. ಪರದೆ ತೋರಿಸಿ, ಫೋನ್ ಬಿಟ್ಟುಕೊಡಬೇಡಿ.

ಬರೀ ಕಾಗದ ನೋಡ್ಲಕ್ಕ ಗಾಡಿ ನಿಂದ್ರಿಸಬಾರ್ದು ಅಂತಾರಲ್ಲ, ಖರೇನಾ? ಕೀಲಿ ಕಿತ್ಕೊಂಡ್ರ?

ಖರೆ. ಕಣ್ಣಿಗೆ ಕಾಣುವ ನಿಯಮ ಉಲ್ಲಂಘನೆ ಇಲ್ಲದೆ ಬರೀ ದಾಖಲೆ ತಪಾಸಣೆಗೆ ವಾಹನ ತಡೆಯಬಾರದು, ಕುಡಿದು ಓಡಿಸುವುದರ ತಪಾಸಣೆ ಮಾತ್ರ ಇದಕ್ಕೆ ಹೊರತು ಅಂತ 2022ರಲ್ಲಿ ಆಗಿನ ಡಿಜಿಪಿ ಪ್ರವೀಣ್ ಸೂದ್ ಸೂಚಿಸಿದ್ದರು. 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ಪೊಲೀಸರು ಬೈಕ್ ತಡೆದಾಗ ಬಿದ್ದು ಪುಟ್ಟ ಮಗು ತೀರಿಹೋಯಿತು. ಆ ನಂತರ ಡಿಜಿಪಿ ಎಂ.ಎ. ಸಲೀಂ ಮತ್ತೆ ಮಾರ್ಗಸೂಚಿ ಹೊರಡಿಸಿದರು. ಗಾಡಿಗೆ ದಿಢೀರ್ ಅಡ್ಡ ಬರಬಾರದು, ಕೀಲಿ ಕಿತ್ತುಕೊಳ್ಳಬಾರದು, ಬೆನ್ನಟ್ಟಬಾರದು ಅನ್ನುವುದು ಅದರಲ್ಲಿದೆ.

ಕೀಲಿಗೆ ಕೈ ಹಾಕಿದರೆ ಎಳೆದಾಡಬೇಡಿ. ಪೊಲೀಸರ ಮೈಮೇಲೆ ಕೈ ಬಿತ್ತೆಂದರೆ ಸಣ್ಣ ತಂಟೆ, ಹಳೆಯ ಐಪಿಸಿ ಬದಲು ಬಂದ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 132ರಲ್ಲಿ ಸರ್ಕಾರಿ ನೌಕರರ ಮೇಲಿನ ಹಲ್ಲೆ ಪ್ರಕರಣವಾಗುತ್ತದೆ. ಹೆಸರು ಓದಿಕೊಳ್ಳಿ, ಫೋನಿನಲ್ಲಿ ಚಿತ್ರೀಕರಿಸಿ, ದೂರು ಆಮೇಲೆ ಕೊಡಿ.

ನಿಂದ್ರದೆ ಹೋದ್ರ ಏನಾಗ್ತದ?

ಅಸಲಿ ಪೊಲೀಸರಾಗಿದ್ದರೆ ನಿಮ್ಮ ನಂಬರ್ ಮುಂದಿನ ಠಾಣೆಗೆ ಹೋಗುತ್ತದೆ, ಅಲ್ಲಿ ನಾಕಾಬಂದಿ ಎದುರಾಗುತ್ತದೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 179ರ ದಂಡದ ಜೊತೆಗೆ, ಜೋರಾಗಿ ಓಡಿಸಿದ್ದಕ್ಕೆ ಸೆಕ್ಷನ್ 184ರ ಅಪಾಯಕಾರಿ ಚಾಲನೆಯ ಕೇಸು.

ಕಾರಿನಲ್ಲಿ ನಾನು, ನನ್ನ ಮಗಳು ಇಬ್ಬರೇ ಇರುತ್ತೇವೆ. ನಮಗೆ ಬೇರೆ ನಿಯಮ ಇದೆಯೇ?

ನಿಲ್ಲುವ ನಿಯಮ ಒಂದೇ, ರಕ್ಷಣೆ ಹೆಚ್ಚು. ಹೆಣ್ಣುಮಕ್ಕಳ ಮೈ ತಪಾಸಣೆಯನ್ನು ಮಹಿಳಾ ಸಿಬ್ಬಂದಿಯೇ ಮಾಡಬೇಕು. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಮಹಿಳೆಯನ್ನು ಬಂಧಿಸುವಂತಿಲ್ಲ. ಅನಿವಾರ್ಯವಾದರೆ ಮಹಿಳಾ ಅಧಿಕಾರಿ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆದು ಮಾಡಬೇಕು. ಇದು ಹಳೆಯ ಸಿಆರ್‌ಪಿಸಿ ಬದಲು ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 43ರಲ್ಲಿದೆ. ರಾತ್ರಿ ಹೊತ್ತು ‘ಕೆಳಗಿಳಿರಿ, ನಮ್ಮ ಗಾಡ್ಯಾಗ ಕೂಡ್ರಿ’ ಅಂದರೆ ಇಳಿಯಬೇಡಿ. ‘ಮಹಿಳಾ ಸಿಬ್ಬಂದಿ ಬರ್ಲಿ, ಇಲ್ಲಾ ನಮ್ಮ ಗಾಡ್ಯಾಗೇ ಠಾಣೆಗೆ ಬರ್ತೀವಿ’ ಅನ್ನಿ.

## ರೊಕ್ಕ, ಬಂಗಾರ, ದಂಡ

ಗಂಜಿನಾಗ ತೊಗರಿ ಮಾರಿ ರೊಕ್ಕ ತಗೊಂಡು ಊರಿಗೆ ಹೋಗುವಾಗ ‘ಚೆಕಿಂಗ್’ ಅಂತ ಬೈಕ್ ನಿಂದ್ರಿಸಿ ಚೀಲ ಕೇಳಿದ್ರ ಏನ್ ಮಾಡ್ಬೇಕ್ರಿ?

ಚೀಲ ಕೈಗೆ ಕೊಡಬೇಡಿ. ‘ಠಾಣೆಗೆ ಬರ್ತೀನಿ, ಅಲ್ಲೇ ಎಣಿಸ್ರಿ’ ಅನ್ನಿ. ಅಸಲಿಯವರಿಗೆ ಅದರಲ್ಲಿ ತೊಂದರೆ ಏನೂ ಇಲ್ಲ.

ಡಿಸೆಂಬರ್-ಜನವರಿಯಲ್ಲಿ ತೊಗರಿ ರಾಶಿ ಆಗಿ ಗಂಜಿಗೆ ಆವಕ ಶುರುವಾದಾಗ ಜೇಬು ತುಂಬಿದ ರೈತರ ಮೇಲೆ ಕಣ್ಣಿಡುವವರು ಇರುತ್ತಾರೆ. ಅಡತಿ ಅಂಗಡಿಯ ಪಟ್ಟಿಯನ್ನು ರೊಕ್ಕದ ಜೊತೆ ಇಡದೆ ಬೇರೆ ಜೇಬಿನಲ್ಲಿಡಿ. ಹಣ ಎಲ್ಲಿಂದ ಬಂತು ಅನ್ನುವುದಕ್ಕೆ ಅದೇ ದಾಖಲೆ. ಸಾಧ್ಯವಾದರೆ ಖಾತೆಗೇ ಹಾಕಿಸಿಕೊಳ್ಳುವುದು ಎಲ್ಲಕ್ಕಿಂತ ಮೇಲು.

ಚುನಾವಣೆ ಹೊತ್ತಿನ ಲೆಕ್ಕ ಬೇರೆ. ಆಗ ಚುನಾವಣಾ ಅಕ್ರಮ ತಡೆಯುವ ಫ್ಲೈಯಿಂಗ್ ಸ್ಕ್ವಾಡ್ ತಂಡಗಳು ಸಾದಾ ಗಾಡಿಯಲ್ಲಿ ಬರುತ್ತವೆ, ತಪಾಸಣೆಯ ವಿಡಿಯೊ ಮಾಡುತ್ತವೆ. 50,000 ರೂಪಾಯಿಗಿಂತ ಹೆಚ್ಚು ನಗದಿಗೆ ಕಾಗದ ಇಲ್ಲದಿದ್ದರೆ ವಶಪಡಿಸಿಕೊಳ್ಳಬಹುದು. ರಸೀದಿ ಪಡೆಯಿರಿ, ಹಣ ಬಿಡಿಸಿಕೊಳ್ಳಲು ಜಿಲ್ಲಾ ಮಟ್ಟದಲ್ಲಿ ಮೂವರು ಅಧಿಕಾರಿಗಳ ಕುಂದುಕೊರತೆ ಸಮಿತಿ ಇರುತ್ತದೆ. ಕ್ಯಾಮೆರಾ ಇಲ್ಲ, ರಸೀದಿ ಇಲ್ಲ ಅಂದರೆ ಅದು ಸ್ಕ್ವಾಡ್ ಅಲ್ಲ.

ನಮ್ಮವ್ವಗ ‘ಮುಂದ ಗಲಾಟಿ ಆಗ್ಯಾದ, ಬಂಗಾರ ಬಿಚ್ಚಿ ಕಾಗದದಾಗ ಸುತ್ತಿಡು’ ಅಂತ ಪೊಲೀಸರು ಹೇಳಿದ್ರಂತ.

ಪೊಲೀಸರು ಹಾಗೆ ಹೇಳುವುದೇ ಇಲ್ಲ. ಇದು ಹಳೇ ಮೋಸ: ಸುತ್ತಿಕೊಡುವ ನೆಪದಲ್ಲಿ ಪೊಟ್ಟಣ ಬದಲಾಗುತ್ತದೆ, ಮನೆಗೆ ಹೋಗಿ ಬಿಚ್ಚಿದರೆ ಕಲ್ಲು. ಮನೆಯ ಹಿರಿಯರಿಗೆ ಇವತ್ತೇ ಹೇಳಿಡಿ.

‘ದಂಡ ಈ ನಂಬರಿಗೆ ಫೋನ್‌ಪೇ ಮಾಡು’ ಅಂದ್ರ?

ಯಾರದೋ ಸ್ವಂತ ನಂಬರಿಗೆ ಕಟ್ಟಿದ್ದು ದಂಡವಲ್ಲ. ದಂಡಕ್ಕೆ ಕೈಯಂತ್ರದ ರಸೀದಿ ಅಥವಾ ಇ-ಚಲನ್ ಇರಬೇಕು, ಅದರಲ್ಲಿ ನಿಮ್ಮ ಗಾಡಿ ನಂಬರ್ ಮತ್ತು ಯಾವ ತಪ್ಪು ಅನ್ನುವುದು ಇರಬೇಕು. ತಪ್ಪು ಒಪ್ಪಿಗೆಯಿಲ್ಲದಿದ್ದರೆ ಕೋರ್ಟಿನಲ್ಲಿ ಹೇಳುತ್ತೇನೆ ಅನ್ನುವ ಹಕ್ಕು ನಿಮ್ಮದು. ಲೈಸೆನ್ಸ್ ವಶಕ್ಕೆ ಪಡೆದರೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 206ರ ಪ್ರಕಾರ ಸ್ವೀಕೃತಿ ಕೊಡಬೇಕು. ಸ್ವೀಕೃತಿ ಇದ್ದ ಮಾತ್ರಕ್ಕೆ ಎಲ್ಲ ಸಲ ಗಾಡಿ ಓಡಿಸುವಂತಿಲ್ಲ: ಅತಿವೇಗ, ಕುಡಿದು ಓಡಿಸುವುದು, ಹೆಲ್ಮೆಟ್ ಇಲ್ಲದಿರುವುದು ಮುಂತಾದ ತಪ್ಪಿಗೆ ಲೈಸೆನ್ಸ್ ವಶವಾಗಿದ್ದರೆ ಅದು ವಾಪಸ್ ಬರುವವರೆಗೆ ಓಡಿಸಬಾರದು.

ಕಂತು ಬಾಕಿ ಅದ ಅಂತ ನಾಕು ಮಂದಿ ಕಾರಿನಾಗ ಬಂದು ‘ನಾವು ಸ್ಟೇಷನ್‌ನವ್ರು’ ಅಂದು ಬೈಕ್ ಒಯ್ಲಕತ್ರ?

ಅವರು ಸ್ಟೇಷನ್‌ನವರಲ್ಲ, ಸೀಜಿಂಗ್‌ನವರು, ಅಂದರೆ ಸಾಲ ಕೊಟ್ಟವರ ಪರವಾಗಿ ಗಾಡಿ ಎತ್ತುವವರು. ಸಾಲ ಬಾಕಿ ಇರುವುದು ನಿಜವಾದರೂ ಬಲವಂತದಿಂದ ಗಾಡಿ ಕಿತ್ತುಕೊಳ್ಳಲು ಗೂಂಡಾಗಳನ್ನು ಬಿಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2007ರಲ್ಲೇ ಹೇಳಿದೆ. ಪೊಲೀಸ್ ಅಂತ ಸುಳ್ಳು ಹೇಳಿದ್ದು ಅದರ ಮೇಲೆ ಇನ್ನೊಂದು ಅಪರಾಧ. ಹತ್ತಿರದ ಠಾಣೆಗೇ ಹೋಗೋಣ ಬನ್ನಿ ಅಂತ ನೀವೇ ಕರೆಯಿರಿ.

## ಇನ್ನೂ ಆಳಕ್ಕೆ

ನಮ್ಮ ಲಾರಿ ತಡೆದವರು ಖಾಕಿಯಲ್ಲೂ ಇರಲಿಲ್ಲ, ಪೊಲೀಸರೂ ಅಲ್ಲ. ನಿಲ್ಲಬೇಕಿತ್ತೇ?

ಮಾಲು ಸಾಗಿಸುವವರಿಗೆ ಖಾಕಿಯ ಸೂತ್ರವೊಂದೇ ಸಾಲದು. ಭೀಮಾ ದಂಡೆಯ ಮರಳು ಗಾಡಿ ತಡೆಯಲು ತಹಶೀಲ್ದಾರರೋ ಗಣಿ ಮತ್ತು ಭೂವಿಜ್ಞಾನ ಇಲಾಖೆಯವರೋ ಬರಬಹುದು. ಅಫಜಲಪುರ, ಜೇವರ್ಗಿ, ಶಹಾಪುರದ ಕಡೆಯ ಚಾಲಕರಿಗೆ ಇದು ಹೊಸದಲ್ಲ. ಅವರು ಪ್ಯಾಂಟು-ಶರ್ಟಿನಲ್ಲೇ ಇರುತ್ತಾರೆ. ವಾಣಿಜ್ಯ ತೆರಿಗೆಯವರೂ ಹಾಗೆಯೇ: ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 68ರಲ್ಲಿ ದಾರಿಯಲ್ಲಿ ಗಾಡಿ ತಡೆದು ಇ-ವೇ ಬಿಲ್ (ಮಾಲು ಸಾಗಣೆಯ ಆನ್‌ಲೈನ್ ದಾಖಲೆ) ನೋಡುವ ಅಧಿಕಾರ ಅವರಿಗಿದೆ. ತಡೆದರೆ ತಪಾಸಣೆಯ ಸಂಕ್ಷಿಪ್ತ ವರದಿಯನ್ನು 24 ಗಂಟೆಯೊಳಗೆ, ಅಂತಿಮ ವರದಿಯನ್ನು 3 ದಿನದೊಳಗೆ ಅವರು ಪೋರ್ಟಲಿನಲ್ಲಿ ಹಾಕಬೇಕು. 30 ನಿಮಿಷಕ್ಕಿಂತ ಹೆಚ್ಚು ನಿಲ್ಲಿಸಿಕೊಂಡರೆ ಸಾಗಣೆದಾರ ತಾನೇ ಇಡಬ್ಲ್ಯುಬಿ-04 ನಮೂನೆಯಲ್ಲಿ ಅದನ್ನು ದಾಖಲಿಸಬಹುದು. ಈ ಸೌಲಭ್ಯ ಗೊತ್ತಿರುವ ಚಾಲಕರು ತೀರಾ ಕಡಿಮೆ, ಮಾಲಕರು ಹೇಳಿಕೊಡುವುದಿಲ್ಲ.

ಪೆಟ್ರೋಲ್ ಬಂಕಿನವರೆಗೆ ಹೋಗಿ ನಿಲ್ಲುವುದು, ಐಡಿ ಕೇಳುವುದು ಇಲ್ಲಿಯೂ ಸರಿಯೇ. ಯಾವುದೋ ಸಂಘಟನೆಯ ಶಾಲು ಹಾಕಿಕೊಂಡು ಗಾಡಿ ತಡೆಯುವವರಿಗೆ ಮಾತ್ರ ಅಧಿಕಾರ ಎಳ್ಳಷ್ಟೂ ಇಲ್ಲ.

ತೆಲಂಗಾಣ ಅಥವಾ ಮಹಾರಾಷ್ಟ್ರದ ಪೊಲೀಸರು ಸಾದಾ ಕಾರಿನಲ್ಲಿ ನಮ್ಮೂರಿಗೇ ಬಂದು ಹಿಡಿಯಬಹುದೇ?

ತನಿಖೆಯ ಬೆನ್ನು ಹತ್ತಿ ಬರಬಹುದು. ಸಾಮಾನ್ಯವಾಗಿ ಇಲ್ಲಿನ ಠಾಣೆಗೆ ತಿಳಿಸಿ ಬರುತ್ತಾರೆ, ಬಂಧಿಸಿದವರನ್ನು ಹತ್ತಿರದ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿ ತಮ್ಮ ರಾಜ್ಯಕ್ಕೆ ಒಯ್ಯಲು ಅನುಮತಿ ಪಡೆಯುತ್ತಾರೆ. ನೀವು ಅಥವಾ ಮನೆಯವರು ಕೇಳಬೇಕಾದ ಪ್ರಶ್ನೆ ಒಂದೇ: ‘ಇಲ್ಲಿನ ಯಾವ ಠಾಣೆಗೆ ತಿಳಿಸೀರಿ?’ ಉತ್ತರ ಬಂದ ಕೂಡಲೇ ಆ ಠಾಣೆಗೆ ಫೋನ್ ಮಾಡಿ. ಇನ್ನು ದಂಡದ ಮೊತ್ತ ರಾಜ್ಯದಿಂದ ರಾಜ್ಯಕ್ಕೆ ಬೇರೆ ಇರಬಹುದು. ಮೋಟಾರು ವಾಹನ ಕಾಯ್ದೆ ಮಾತ್ರ ಜಹೀರಾಬಾದಿನಲ್ಲೂ ಇದೇ, ಉಮರ್ಗಾದಲ್ಲೂ ಇದೇ.

ಗಾಡಿ ಒಳಗ ಹುಡುಕ್ತೀವಿ ಅಂದ್ರ ಬ್ಯಾಡ ಅನ್ನಬಹುದಾ?

ಅಡ್ಡ ನಿಲ್ಲಬೇಡಿ, ಆದರೆ ಎರಡು ಮಾತು ಕೇಳಿ. ಒಂದು, ಯಾವ ಅನುಮಾನದ ಮೇಲೆ? ಎರಡು, ಚಿತ್ರೀಕರಣ ಆಗುತ್ತಿದೆಯೇ? 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 105, ಶೋಧ ಮತ್ತು ಜಪ್ತಿಯನ್ನು ಆಡಿಯೊ-ವಿಡಿಯೊ ಮಾಡಬೇಕು ಎನ್ನುತ್ತದೆ. ಗಾಂಜಾ ಅನುಮಾನದಲ್ಲಿ ಮೈ ತಪಾಸಣೆ ಮಾಡುವುದಾದರೆ, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರೇ ಆಗಲಿ ಅನ್ನುವ ಹಕ್ಕು ಮಾದಕವಸ್ತು ಕಾಯ್ದೆಯ ಸೆಕ್ಷನ್ 50ರಲ್ಲಿದೆ; ಅದು ಮೈ ತಪಾಸಣೆಗೆ ಮಾತ್ರ, ಡಿಕ್ಕಿಗೆ, ಚೀಲಕ್ಕೆ ಅಲ್ಲ. ಹುಡುಕುವಾಗ ಗಾಡಿಯ ಪಕ್ಕದಲ್ಲೇ ನಿಂತಿರಿ, ಅವರ ಕೈ ಎಲ್ಲೆಲ್ಲಿ ಹೋಗುತ್ತದೆ ನೋಡುತ್ತಿರಿ.

‘ಬರ್ರಿ, ಠಾಣೆಗೆ ಹೋಗೋಣ’ ಅಂತ ಅವರ ಕಾರಿನಲ್ಲೇ ಕೂರಿಸಿದರೆ?

‘ನನ್ನನ್ನು ಬಂಧಿಸ್ತಿದ್ದೀರಾ?’ ಅಂತ ಕೇಳಿ. ಹೌದಾದರೆ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಕಾರಣ ಹೇಳಬೇಕು (ಸೆಕ್ಷನ್ 47), ಮನೆಯವರಿಗೆ ತಿಳಿಸಬೇಕು (ಸೆಕ್ಷನ್ 48), ಬಂಧಿಸುವವರ ಹೆಸರು ಸ್ಪಷ್ಟವಾಗಿ ಕಾಣುವಂತಿರಬೇಕು (ಸೆಕ್ಷನ್ 36). 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಹೆಸರಿನ ಪಟ್ಟಿಯ ಈ ನಿಯಮ ಮಫ್ತಿಯವರನ್ನೂ ಬಿಡುವುದಿಲ್ಲ, ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದ್ದು ಈಗ ಕಾಯ್ದೆಯಲ್ಲೇ ಸೇರಿದೆ. ಬಂಧನ ಅಲ್ಲ ಅಂದರೆ ನಿಮ್ಮ ಗಾಡಿಯಲ್ಲೇ ಅವರ ಹಿಂದೆ ಹೋಗಿ, ಯಾವ ಠಾಣೆ ಅನ್ನುವುದನ್ನು ಹೊರಡುವ ಮುಂಚೆಯೇ ಮನೆಗೆ ತಿಳಿಸಿ.

ನಕಲಿ ಪೊಲೀಸ್ ಅಂತ ಆಮೇಲೆ ತಿಳೀತು. ಘಟನೆ ಆದದ್ದು ಯಾದಗಿರಿ ಹದ್ದಿನಲ್ಲಿ, ನಾವಿರೋದು ಚಿತ್ತಾಪುರ. ದೂರು ಎಲ್ಲಿ ಕೊಡಬೇಕು?

ಚಿತ್ತಾಪುರದಲ್ಲೇ ಕೊಡಿ. ಹದ್ದು ನಮ್ಮದಲ್ಲ ಅಂತ ವಾಪಸ್ ಕಳಿಸುವಂತಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 173ರ ಪ್ರಕಾರ ಯಾವ ಠಾಣೆಯಲ್ಲೂ ದೂರು ದಾಖಲಾಗಿ ಆಮೇಲೆ ಸಂಬಂಧಪಟ್ಟ ಠಾಣೆಗೆ ಹೋಗಬೇಕು. ಇ-ಮೇಲಿನಲ್ಲೂ ಕಳಿಸಬಹುದು, 3 ದಿನದೊಳಗೆ ಹೋಗಿ ಸಹಿ ಹಾಕಬೇಕು. ಪೊಲೀಸರಂತೆ ನಟಿಸಿ ಮೋಸ ಮಾಡಿದವರಿಗೆ ನ್ಯಾಯ ಸಂಹಿತೆಯ ಸೆಕ್ಷನ್ 204ರಲ್ಲಿ ಕನಿಷ್ಠ 6 ತಿಂಗಳು, ಹೆಚ್ಚೆಂದರೆ 3 ವರ್ಷ ಜೈಲು. ಹಣ ಕಿತ್ತುಕೊಂಡಿದ್ದರೆ ಸುಲಿಗೆಯ ಸೆಕ್ಷನ್ ಬೇರೆ. ಗಾಡಿ ನಂಬರ್ ನೆನಪಿಲ್ಲದಿದ್ದರೂ ತೊಂದರೆಯಿಲ್ಲ, ಹತ್ತಿರದ ಬಂಕಿನ, ಟೋಲಿನ ಸಿಸಿಟಿವಿ ಅಳಿಸಿಹೋಗುವ ಮುಂಚೆ ಹೋಗಿ.

ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಜಿಲ್ಲಾ ಎಸ್‌ಪಿಗೆ ಅಂಚೆಯಲ್ಲಿ ಬರೆಯಿರಿ. ಕಲಬುರಗಿ ನಗರದೊಳಗಾದರೆ ಪೊಲೀಸ್ ಕಮಿಷನರಿಗೆ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟ್ ಇದೆ. ಅಸಲಿ ಪೊಲೀಸರೇ ಅನ್ಯಾಯ ಮಾಡಿದ್ದರೆ ಪೊಲೀಸ್ ದೂರು ಪ್ರಾಧಿಕಾರ, ಲಂಚದ ಮಾತಾದರೆ ಲೋಕಾಯುಕ್ತ. ವಕೀಲರಿಗೆ ಕೊಡಲು ದುಡ್ಡಿಲ್ಲ ಅನ್ನುವವರು 15100ಕ್ಕೆ ಫೋನ್ ಮಾಡಿ, ಇಲ್ಲವೇ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ. ಮಹಿಳೆಯರಿಗೆ, ಪರಿಶಿಷ್ಟರಿಗೆ, ಕಡಿಮೆ ಆದಾಯದವರಿಗೆ ಅಲ್ಲಿ ವಕೀಲರು ಉಚಿತವಾಗಿ ಸಿಗುತ್ತಾರೆ.